ಜೀಪಿನ ಕಮಾನು, ಉಪ್ಪಿನ ಗಂಟು

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ, ಒಂದು ಹಳೆಯ ಜೀಪು.

ಮೂವರಲ್ಲಿ ತನ್ನ ವಯಸ್ಸಿಗೆ ತಕ್ಕಂತೆ ನರಳುತ್ತಿದ್ದದ್ದು ಜೀಪು ಮಾತ್ರ.

ಗುರುವಿನ ಹೆಸರು ಕರಿಬಸಜ್ಜ. ಎಲ್ಲರ ಬಾಯಲ್ಲಿ ಅಜ್ಜಾರು. ಮುರಿದ ಎಲುಬು ಕೂಡಿಸುವುದು ಅವರ ಕೆಲಸ. ಜಪ, ತಪ, ಪೂಜೆ ಏನಿದ್ದರೂ ಅದೇ.

ಶಿಷ್ಯನ ಹೆಸರು ಅಡಿವೆಪ್ಪ. ಹನ್ನೆರಡು ವರ್ಷದ ಹಿಂದೆ ವೇದಾಂತ ಕಲಿಯಬೇಕೆಂದು ಬಂದಿದ್ದ. ಅಜ್ಜಾರು ಅವನ ಕೈಗೆ ಜೀಪಿನ ಕೀಲಿ ಕೊಟ್ಟಿದ್ದರು.

ದಿನಾ ಬೆಳಿಗ್ಗೆ ಕೊಳ್ಳದ ಕಲ್ಲುದಾರಿ ಹಿಡಿದು ಮೂರು ಹಳ್ಳಿ ತಿರುಗುವುದು, ಕೈಕಾಲು ಮುರಿದವರನ್ನು ಕರೆತರುವುದು, ಸಂಜೆ ಬಿಟ್ಟುಬರುವುದು. ಬೇರೆ ಗಾಡಿ ಆ ದಾರಿಗೆ ಇಳಿಯುತ್ತಿರಲಿಲ್ಲ. ನಾಲ್ಕೂ ಗಾಲಿ ಎಳೆಯುವ ಈ ಜೀಪೊಂದೇ ಗತಿ.

ಒಂದು ದಿನ ಜೀಪು ಒಂದು ಕಡೆ ವಾಲಿ ನಿಂತಿತು.

ಪೇಟೆಯಿಂದ ಮೆಕ್ಯಾನಿಕ್ ದಾವಲಸಾಬ ಬಂದ. ಕೆಳಗೆ ತೂರಿ, ಬಡಿದು, ಎಳೆದು ನೋಡಿ, ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ.

"ಅಡಿವೆಪ್ಪಣ್ಣ, ಗಾಡಿ ಭಾರ ಹೊರೂ ಕಮಾನುಪಟ್ಟಿ ಮುಗಿದಾವು. ಬಿಲ್ಲಿನಂಗ ಬಾಗಿರಬೇಕಾದವು ಮಲ್ಕೊಂಡು ಬಿಟ್ಟಾವು. ಹಿಂದಿಂದ್ರಾಗ ಒಂದು ಬಿರುಕು ಬಿಟ್ಟೈತಿ."

"ಹೊಸವು ಹಾಕು."

"ಹಾಕ್ತೀನಿ. ಯಾವು ಹಾಕ್ಲಿ?"

"ಎಷ್ಟು ನಮೂನಿ ಅದಾವು?"

"ಎರಡು. ಒಂದು ಮೆತ್ತನ್ನವು. ತೆಳು ಪಟ್ಟಿ. ಮೊದಲು ಈ ಗಾಡಿ ಎಷ್ಟು ಎತ್ತರ ಇತ್ತು, ಅಷ್ಟ ನಿಂದರತೈತಿ. ಇನ್ನೊಂದು ಗಟ್ಟಿವು. ಪಟ್ಟಿ ಜಾಸ್ತಿ, ಬಾಗು ಜಾಸ್ತಿ. ಗಾಡಿ ಅದಕ್ಕಿಂತ ನಾಲ್ಕು ಬೆರಳು ಮ್ಯಾಲೆ ಏಳತೈತಿ. ಎಂಥಾ ಕಲ್ಲಿದ್ರೂ ಹೊಟ್ಟಿಗಿ ತಾಗಂಗಿಲ್ಲ."

"ನಾಲ್ಕು ಬೆರಳು?"

"ನಾಲ್ಕು ಬೆರಳು."

ಅಡಿವೆಪ್ಪ ತನ್ನ ನಾಲ್ಕು ಬೆರಳು ಜೋಡಿಸಿ ನೋಡಿಕೊಂಡ. ಅವನ ಮನಸ್ಸು ಅಲ್ಲಿಂದ ಎದ್ದು ಗವಿಯ ದಾರಿ ಹಿಡಿಯಿತು.

"ಮತ್ತ ಒಂದು ಮಾತು. ದಿನಾ ಹಿಂದ ಯಾರು ಕುಂದರತಾರ?" ಎಂದು ದಾವಲಸಾಬ ಕೇಳಿದ.

"ಯಾರರ ಕುಂದರತಾರ ಬಿಡು. ಮೊದಲು ಗಟ್ಟಿವು ಹಾಕಿಸಿ, ಒಂದು ಕಡೆ ಹೋಗಿ ಬಂದು, ಆಮ್ಯಾಲೆ ಮೆತ್ತನ್ನವು ಹಾಕಿಸಿದ್ರ ನಡೀತೈತೇನು?"

"ಅಂಗಿ ಬದಲಾಯಿಸಿದಂಗ ಏನದು? ಚಾಸಿಗೆ ವಯಸ್ಸಾಗೇತಿ. ಒಮ್ಮೆ ಬಿಚ್ಚಿ ಒಮ್ಮೆ ಕೂಡಸ್ತೀನಿ. ಎರಡನೇ ಸಲ ಬಿಚ್ಚಿದ್ರ ಬೋಲ್ಟಿನ ಜೋಡಿ ಚಾಸಿನೂ ಕಿತ್ತು ಬರತೈತಿ. ನಾಳಿ ಮುಂಜಾನಿ ಬರ್ತೀನಿ, ವಿಚಾರ ಮಾಡಿ ಹೇಳ್ರಿ."

ವಿಚಾರ ಮಾಡುವುದು ಅಡಿವೆಪ್ಪನಿಗೆ ಏನೂ ಉಳಿದಿರಲಿಲ್ಲ. ಒಂದು ವರ್ಷದಿಂದ ಅವನು ಈ ನಾಲ್ಕು ಬೆರಳಿಗಾಗಿಯೇ ಕಾಯುತ್ತಿದ್ದ.

ಹೊಳೆ ಹುಟ್ಟುವಲ್ಲಿ, ಬೆಟ್ಟದ ಮೇಲೆ ಒಂದು ಗವಿ ಇದೆ. ಅಜ್ಜಾರ ಗುರುಗಳು ಇದ್ದದ್ದು ಅಲ್ಲಿ. ಈಗ ಅವರ ಗದ್ದುಗೆ, ಅಂದರೆ ಸಮಾಧಿ, ಇರುವುದೂ ಅಲ್ಲೇ. ಅಜ್ಜಾರು ಅವರನ್ನು ದೊಡ್ಡಜ್ಜಾರು ಎನ್ನುತ್ತಿದ್ದರು.

ಐವತ್ತನಾಲ್ಕು ವರ್ಷದ ಹಿಂದೆ ದೊಡ್ಡಜ್ಜಾರು ಇವರನ್ನು ಕೆಳಗೆ ಕಳಿಸಿದ್ದು ಉಪ್ಪು ತರಲಿಕ್ಕೆ. ಗವಿಗೆ ಬಂದ ರೋಗಿಗಳ ಅಂಬಲಿಗೆ ಉಪ್ಪು ತೀರಿತ್ತು.

ಆಗ ಇನ್ನೂ ಇಪ್ಪತ್ನಾಲ್ಕರ ಕರಿಬಸಯ್ಯನಾಗಿದ್ದ ಅಜ್ಜಾರು ಓಡುತ್ತಾ ಇಳಿದು ಬಂದರು. ಉಪ್ಪು ಕಟ್ಟಿಸಿಕೊಂಡು ತಿರುಗಿ ಹೊರಟಾಗ ಈ ದಂಡೆಯ ಮೇಲೆ ಒಬ್ಬ ಕಾಲು ಮುರಿದುಕೊಂಡು ಬಿದ್ದಿದ್ದ. ಅವನ ಕಾಲು ಕೂಡುವ ಹೊತ್ತಿಗೆ ಒಬ್ಬಳು ತೋಳು ಮುರಿದುಕೊಂಡು ಬಂದಳು. ನಾಳೆ ಹೋದರಾಯಿತು ಎನ್ನುತ್ತ ಮೂರು ವರ್ಷವಾಯಿತು. ನಾಲ್ಕನೆಯ ವರ್ಷ ದೊಡ್ಡಜ್ಜಾರು ಇಲ್ಲವಾದ ಸುದ್ದಿ ಬಂತು.

ಆಮೇಲೆ ಹೋಗಲಿಕ್ಕೆ ಅಜ್ಜಾರಿಗೆ ನಾಚಿಕೆಯಾಯಿತು. ನಾಚಿಕೆ ಕಳೆಯುವ ಹೊತ್ತಿಗೆ ಮೊಣಕಾಲು ಕೈಕೊಟ್ಟಿದ್ದವು.

ಆ ಉಪ್ಪಿನ ಗಂಟು ಅವರ ಕೋಣೆಯ ಗೂಟಕ್ಕೆ ಇನ್ನೂ ನೇತಾಡುತ್ತಿತ್ತು. ಮಳೆಗಾಲದಲ್ಲಿ ಬೆವರಿ ಬೆವರಿ, ಬೇಸಿಗೆಯಲ್ಲಿ ಒಣಗಿ ಒಣಗಿ, ಈಗ ಮುಷ್ಟಿಯಷ್ಟಾಗಿತ್ತು. ಅದನ್ನು ಯಾರೂ ಮುಟ್ಟುವಂತಿರಲಿಲ್ಲ.

ಹೋದ ವರ್ಷ ಅಡಿವೆಪ್ಪ ಹಟ ಮಾಡಿ ಅಜ್ಜಾರನ್ನು ಜೀಪಿನಲ್ಲಿ ಕೂರಿಸಿಕೊಂಡು ಗವಿಗೆ ಹೊರಟಿದ್ದ. ಬೆಟ್ಟದ ದಾರಿಯಲ್ಲಿ ಇನ್ನು ಮೂರು ಹರದಾರಿ ಇದೆ ಎನ್ನುವಾಗ ಒಂದು ಬಂಡೆ ಅಡ್ಡ ಬಂತು. ಜೀಪಿನ ಹೊಟ್ಟೆ ಬಂಡೆಗೆ ತಾಗಿ ನಿಂತಿತು. ಹಿಂದೆ ಮುಂದೆ ಮಾಡಿ ನೋಡಿದ, ಬೈದು ನೋಡಿದ, ಕೈಮುಗಿದೂ ನೋಡಿದ. ಆಗಲಿಲ್ಲ.

"ಹೊತ್ಕೊಂಡು ಹೋಗ್ತೀನ್ರಿ ಅಜ್ಜಾರ," ಎಂದಿದ್ದ.

"ನಿನ್ನ ಬೆನ್ನು ಮುರದ್ರ ಕೂಡಸವರು ಯಾರು? ಹೊಳ್ಳಸಪಾ," ಎಂದಿದ್ದರು ಅಜ್ಜಾರು.

ತಿರುಗಿ ಬರುವ ದಾರಿಯುದ್ದಕ್ಕೂ ಉಪ್ಪಿನ ಗಂಟು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಆ ಮುಖ ಅಡಿವೆಪ್ಪನ ಕಣ್ಣಿಂದ ಹೋಗಿರಲಿಲ್ಲ. ಅವನಿಗೆ ಮೋಕ್ಷದ ಆಸೆ ಯಾವಾಗಲೋ ಮರೆತುಹೋಗಿತ್ತು. ಅಜ್ಜಾರು ಗವಿಯ ಬಾಗಿಲಲ್ಲಿ ಇಳಿಯುವುದನ್ನು ಒಮ್ಮೆ ನೋಡಬೇಕು, ಅಷ್ಟೇ ಉಳಿದಿತ್ತು.

ಬಂಡೆಗೂ ಜೀಪಿಗೂ ಬೇಕಾಗಿದ್ದ ಅಂತರವನ್ನು ಅವನು ಅಂದೇ ಅಳೆದಿದ್ದ. ಮೂರೂವರೆ ಬೆರಳು.

ಸಂಜೆ ಅಜ್ಜಾರು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ದಿನಾ ಹೀಗೆ ಕೂತು, ನೀರಿಗೆ ಕೈಯಿಟ್ಟು, ನೀರು ಬರುವ ದಿಕ್ಕಿಗೆ ನೋಡುವುದು ಅವರ ರೂಢಿ.

ಅಡಿವೆಪ್ಪ ಎರಡು ಬಗೆಯ ಪಟ್ಟಿಯ ವಿಷಯ ಹೇಳಿದ. ಹೇಳುವಾಗ ಗಟ್ಟಿಯ ಪಟ್ಟಿಯ ಗುಣ ಉದ್ದವಾಯಿತು, ಮೆತ್ತನೆಯದರ ಗುಣ ಒಂದೇ ಮಾತಿನಲ್ಲಿ ಮುಗಿಯಿತು.

"ಯಾವು ಹಾಕಸೂಣ್ರಿ ಅಜ್ಜಾರ?"

ಅಜ್ಜಾರು ನೀರಿನಿಂದ ಕೈ ತೆಗೆಯಲಿಲ್ಲ.

"ಜೀಪಿನ್ಯಾಗ ನಿನ್ನ ಸೀಟಿನ ಹಿಂದ ಒಂದು ಅಡ್ಡ ಸರಳೈತಿ. ಅದರ ಬಣ್ಣ ಯಾಕ ಹೋಗೇತಿ?"

ಅಡಿವೆಪ್ಪನಿಗೆ ತಲೆಬುಡ ತಿಳಿಯಲಿಲ್ಲ.

"ಅದಾ? ವರ್ಷಾ ದಸರಾದಾಗ ಖಂಡೇಪೂಜಿಗೆ ಹಚ್ಚೇ ಹಚ್ಚತೀನ್ರಿ. ಬ್ಯಾರೆ ಕಡೆ ಎಲ್ಲಾ ನಿಂದರತೈತಿ, ಅಲ್ಲೊಂದು ಗೇಣು ಜಾಗಾದಾಗ ನಿಂದರಂಗಿಲ್ಲ. ಆ ಬಣ್ಣದಂಗಡ್ಯಾಂವ ಮೋಸ ಮಾಡ್ಯಾನ. ಹೋಗಿ ಬೈದೂ ಬಂದೀನಿ."

"ಬೈದು ಬಂದೀ?"

"ಎರಡು ಸಲ."

ಅಜ್ಜಾರು ಎದ್ದರು. ಏಳಲಿಕ್ಕೆ ಅವನ ಹೆಗಲು ಹಿಡಿದುಕೊಂಡರು. ಒಳಗೆ ಹೋದರು.

ಬೆಳಿಗ್ಗೆ ದಾವಲಸಾಬ ಬಂದಾಗ ಅಜ್ಜಾರು ಕಟ್ಟೆಯ ಮೇಲೆ ಬಿದಿರಿನ ದಬ್ಬೆ, ಬಟ್ಟೆಪಟ್ಟಿ ಹರಡಿಕೊಂಡು ಕೂತಿದ್ದರು.

"ಅಡಿವೆಪ್ಪಾ, ಎಡಗೈ ಕೊಡು."

"ನನ್ನ ಕೈಗೆ ಏನಾಗೇತ್ರಿ?"

"ಕೊಡು."

ಕೊಟ್ಟ. ಅಜ್ಜಾರು ಮುರಿದ ಕೈಗೆ ಕಟ್ಟುವ ಹಾಗೆಯೇ ದಬ್ಬೆ ಇಟ್ಟು, ಬಟ್ಟೆ ಸುತ್ತಿ, ಕೈಯನ್ನು ಎದೆಗೆ ಕಟ್ಟಿದರು.

"ಮುರದಿಲ್ಲಲ್ರಿ ಅಜ್ಜಾರ!"

"ಮುರಕೊಂಡವರು ಹ್ಯಾಂಗ ಬರ್ತಾರ, ನೋಡಿ ಬಾ. ದಾವಲಸಾಬ, ಇವತ್ತು ಗಾಡಿ ನೀ ಹೊಡಿ. ಇಂವ ಹಿಂದ ಕುಂದರಲಿ."

ದಾವಲಸಾಬ ಶಿಷ್ಯನ ಮುಖ ನೋಡಿದ, ಗುರುವಿನ ಮುಖ ನೋಡಿದ. ಜೀಪಿನ ಕೆಳಗೆ ಇಣುಕಿ ಬಿರುಕು ಬಿಟ್ಟ ಪಟ್ಟಿಗೆ ತಂತಿ ಬಿಗಿದ. "ಸಾವಕಾಶ ಹೊಡಿತೀನಿ," ಎಂದು ಹತ್ತಿ ಕೂತ.

ಹನ್ನೆರಡು ವರ್ಷದಲ್ಲಿ ಅಡಿವೆಪ್ಪ ಆ ಜೀಪಿನ ಹಿಂದುಗಡೆ ಕೂತದ್ದು ಅದೇ ಮೊದಲು. ಹಿಂದೆ ಕೂರುವವರು ಅವನಿಗೆ ಕಂಡದ್ದು ಕನ್ನಡಿಯಲ್ಲಿ. ಅದರಲ್ಲೂ ಬರೀ ತಲೆ.

ಆಶ್ರಮದ ಗೇಟು ದಾಟಿದ್ದೇ ತಡ, ಮೊದಲ ಕಲ್ಲಿಗೆ ಅವನು ಹಲಗೆಯಿಂದ ಎದ್ದು ಮತ್ತೆ ಹಲಗೆಗೇ ಬಿದ್ದ. ಎರಡನೆಯದಕ್ಕೆ ತಲೆ ಮೇಲಿನ ಕಂಬಿಗೆ ಬಡಿಯಿತು. ಇದೇ ದಾರಿ, ಇದೇ ಕಲ್ಲು. ಮುಂದೆ ಸ್ಟಿಯರಿಂಗ್ ಹಿಡಿದು ಕೂತಾಗ ಹೀಗಿರಲಿಲ್ಲ.

"ಏ ದಾವಲಸಾಬ! ಸಾವಕಾಶ!"

"ನೀವು ಹೊಡ್ಯಾಕಿಂತ ಸಾವಕಾಶ ಹೊಡ್ಯಾಕತ್ತೀನ್ರಿ ಅಡಿವೆಪ್ಪಣ್ಣ!"

ಮೊದಲ ಹಳ್ಳಿಯಲ್ಲಿ ಮಾಳಪ್ಪ ಹತ್ತಿದ. ಕುರಿ ಕಾಯುವ ಮುದುಕ. ಬಂಡೆ ಮೇಲಿಂದ ಜಾರಿ ಮುಂಗೈ ಮುರಿದುಕೊಂಡಿದ್ದ. ಅಡಿವೆಪ್ಪನ ಕಟ್ಟಿದ ಕೈ ನೋಡಿ ಅವನಿಗೆ ಮರುಕವಾಯಿತು.

"ನೀವೂ ಮುರಕೊಂಡ್ರೇನ್ರಿ? ಛೇ ಛೇ."

ಅಷ್ಟರಲ್ಲಿ ಜೀಪು ಕೊಳ್ಳಕ್ಕೆ ಇಳಿಯಿತು.

ಒಂದು ದೊಡ್ಡ ಕುಲುಕು. ಅಡಿವೆಪ್ಪನ ಬಲಗೈ ತಾನಾಗಿಯೇ ಮುಂದೆ ಹೋಗಿ ಸಿಕ್ಕಿದ್ದನ್ನು ಹಿಡಿಯಿತು. ಹಿಡಿದಲ್ಲಿ ಮಾಳಪ್ಪನ ಸರಿ ಇದ್ದ ಕೈ ಆಗಲೇ ಇತ್ತು. ಮುದುಕ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟ.

"ಇಲ್ಲೇ ಹಿಡೀರಿ. ಇದಾ ಜಾಗಾ. ಇಲ್ಲಿ ಹಿಡಿದ್ರ ಮುರದ ಕೈಗೆ ಸ್ವಲ್ಪ ಕಡಿಮಿ ಹತ್ತತೈತಿ. ನನ್ನ ಸೊಸಿ ಕಾಲು ಮುರಕೊಂಡಾಗ ಆಕೀನೂ ಇಲ್ಲೇ ಹಿಡದಿದ್ಲಂತ. ಬರೂ ಮುಂದ ಹೇಳಿ ಕಳಿಸ್ಯಾಳ."

ಅಡಿವೆಪ್ಪ ನೋಡಿದ. ಅಡ್ಡ ಸರಳು. ಒಂದು ಗೇಣು ಜಾಗ. ಬಣ್ಣ ಹೋಗಿ ಕಬ್ಬಿಣ ಹೊಳೆಯುತ್ತಿತ್ತು.

ಮುಂದಿನ ಕುಲುಕಿಗೆ ಮಾಳಪ್ಪ ಅವ್ವಾ ಎಂದು ಕೂಗಿದ. ಆ ಕೂಗು ಅಡಿವೆಪ್ಪನಿಗೆ ಹೊಸದಲ್ಲ. ಹನ್ನೆರಡು ವರ್ಷದಿಂದ ಬೆನ್ನ ಹಿಂದೆ ಕೇಳಿದ್ದ. ಪಾಪ, ಮುರಿದದ್ದಕ್ಕೆ ಅಳುತ್ತಾರೆ, ಬೇಗ ಮುಟ್ಟಿಸಬೇಕು ಎಂದು ಪ್ರತಿಸಲ ಇನ್ನಷ್ಟು ಜೋರಾಗಿ ಓಡಿಸಿದ್ದ.

ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

"ದಾವಲಸಾಬ," ಎಂದು ಕೂಗಿ ಕೇಳಿದ, "ಆ ಗಟ್ಟಿ ಪಟ್ಟಿ ಹಾಕಿದ್ರ ಹಿಂದ ಹ್ಯಾಂಗಿರತೈತಿ?"

"ನಿನ್ನೆ ಅದನ್ನ ಕೇಳಿದ್ನೆಲ್ರಿ, ಹಿಂದ ಯಾರು ಕುಂದರತಾರಂತ! ಹೇರು ಹೊರೂ ಗಾಡಿಗೆ ಅವು ಚಲೋ. ಇಬ್ಬರು ಮೂವರು ಕುಂತ್ರ ಅವು ಬಾಗಂಗೇ ಇಲ್ಲ. ಇದಕ್ಕಿಂತ ಜಾಸ್ತಿ ಎತ್ತಿ ಒಗೀತಾವು."

ಅಡಿವೆಪ್ಪ ಮಾಳಪ್ಪನ ಬೆನ್ನ ಹಿಂದೆ ತನ್ನ ಭುಜ ಒಡ್ಡಿ ಆಶ್ರಮ ಬರುವವರೆಗೂ ಹಾಗೇ ಕೂತ.

ಅಜ್ಜಾರು ಮಾಳಪ್ಪನ ಕೈ ಕೂಡಿಸಿ, ಕಟ್ಟಿ, ಮಲಗಿಸಿದ ಮೇಲೆ ಶಿಷ್ಯನ ಹತ್ತಿರ ಬಂದರು. ಕಟ್ಟೆಯ ಮೇಲೆ ಕೂತು ಅವನ ಕೈ ಬಿಚ್ಚತೊಡಗಿದರು.

"ಬಣ್ಣದಂಗಡ್ಯಾಂವ?" ಎಂದು ಕೇಳಿದರು.

"ಹೋಗಿ ಕೈಮುಗದು ಬರ್ತೀನ್ರಿ."

"ಪಟ್ಟಿ?"

"ಮೆತ್ತನ್ನವು."

ದಾವಲಸಾಬ ತಲೆಯಾಡಿಸಿದ. ಜೀಪಿನ ಕಡೆ ಹೋದ.

ಬಟ್ಟೆಪಟ್ಟಿ ಒಂದೊಂದೇ ಸುತ್ತು ಬಿಚ್ಚುತ್ತ ಬಂತು. ಅಡಿವೆಪ್ಪನ ಕಣ್ಣಿಂದ ನೀರು ಇಳಿಯುತ್ತಿತ್ತು. ಅವನು ಒರೆಸಿಕೊಳ್ಳಲಿಲ್ಲ, ಅಜ್ಜಾರೂ ನೋಡದವರಂತೆ ಮಾಡಲಿಲ್ಲ.

"ಅಜ್ಜಾರ, ಮೆತ್ತನ್ನವು ಹಾಕಿದ್ರ ಆ ಬಂಡೆಗಲ್ಲು ದಾಟೂದಿಲ್ಲ."

"ಇಲ್ಲ."

"ಇನ್ನ ಈ ಜೀಪಿಗೆ ಬ್ಯಾರೆ ಪಟ್ಟಿನೂ ಹಾಕೂದಾಗೂದಿಲ್ಲ."

"ಇಲ್ಲ."

"ನಿಮ್ಮನ್ನ ಒಮ್ಮೆ ಅಲ್ಲಿ ಇಳಸಬೇಕಂತ ಬಾಳ ಆಸೆ ಇತ್ರಿ ನನಗ."

"ನನಗೂ ಐತಪಾ. ದಿನಾ ಮುಂಜಾನಿ ಎದ್ದ ಕೂಡ್ಲೆ ಐತಿ. ಎಪ್ಪತ್ತೆಂಟಾತು, ಇನ್ನೂ ಹಂಗ ಐತಿ."

"ಮತ್ತ?"

ಅಜ್ಜಾರು ಕೊನೆಯ ದಬ್ಬೆ ತೆಗೆದು ಪಕ್ಕಕ್ಕಿಟ್ಟರು.

"ಮತ್ತ ಏನು? ಮಾಳಪ್ಪನ ಕೈ ಮ್ಯಾಲೆ ಹಾದು ಹೋಗೂದೇನು ಅಲ್ಲಿಗೆ?"

ನಾಲ್ಕು ದಿನ ಬಿಟ್ಟು ದಾವಲಸಾಬ ಹೊಸ ಪಟ್ಟಿ ಕೂಡಿಸಿದ. ಹಳೆಯ ಬೋಲ್ಟುಗಳು ಬರಲಾರೆವೆಂದು ಹಟ ಹಿಡಿದವು. ಎಣ್ಣೆ ಬಿಟ್ಟು, ಬಡಿದು, ಬೆಂಕಿ ತೋರಿಸಿ ಬಿಚ್ಚಬೇಕಾಯಿತು. ಕೂಡಿಸಿದ ಮೇಲೆ ಜೀಪು ನೆಟ್ಟಗೆ ನಿಂತಿತು. ಎತ್ತರವಾಗೇನೂ ಅಲ್ಲ.

ಅಡಿವೆಪ್ಪ ಜೀಪಿನ ಕೆಳಗೆ ಬೆರಳಿಟ್ಟು ಒಮ್ಮೆ ಅಳೆದ. ಅಳೆದದ್ದನ್ನು ಯಾರಿಗೂ ಹೇಳಲಿಲ್ಲ.

ಅವತ್ತು ಸಂಜೆ ಅಜ್ಜಾರು ಹೊಳೆಯ ಮೆಟ್ಟಿಲ ಮೇಲೆ ಎಂದಿಗಿಂತ ಹೆಚ್ಚು ಹೊತ್ತು ಕೂತರು. ಅಡಿವೆಪ್ಪ ಹೋಗಿ ಒಂದು ಮೆಟ್ಟಿಲು ಕೆಳಗೆ ಕೂತ. ಅವನೂ ನೀರಿಗೆ ಕೈಯಿಟ್ಟ. ತಣ್ಣಗಿತ್ತು.

"ಈ ನೀರು ಅಲ್ಲಿಂದ ಇಲ್ಲಿಗೆ ಬರಾಕ ಎಷ್ಟು ದಿನಾ ಹಿಡಿತೈತ್ರಿ?"

"ಅವತ್ತ ನಾ ಓಡಿ ಬಂದಾಗ ಎರಡು ದಿನಾ ಹಿಡಿದಿತ್ತು," ಎಂದರು ಅಜ್ಜಾರು. "ನೀರು ನನಕಿಂತ ಮೊದಲ ಬಂದಿತ್ತು."

ಹದಿನೈದು ದಿನಕ್ಕೆ ಮಾಳಪ್ಪನ ಕಟ್ಟು ಬದಲಿಸಬೇಕಾಗಿತ್ತು. ಅಡಿವೆಪ್ಪ ಹೋಗಿ ಕರೆತಂದ. ಈಗ ಅವನು ಕೊಳ್ಳದಲ್ಲಿ ಕಲ್ಲು ಕಲ್ಲಿಗೂ ಗೇರು ಇಳಿಸುತ್ತಿದ್ದ.

ಆಶ್ರಮದ ಮುಂದೆ ಜೀಪು ನಿಲ್ಲಿಸಿದ. ಹಿಂದಿನಿಂದ ಯಾರೂ ಇಳಿಯಲಿಲ್ಲ. ಸದ್ದೂ ಇಲ್ಲ.

ಅಡಿವೆಪ್ಪ ಓಡಿ ಹೋಗಿ ನೋಡಿದ. ಮಾಳಪ್ಪ ಹಲಗೆಗೆ ಒರಗಿ, ಬಾಯಿ ತೆರೆದು, ಗೊರಕೆ ಹೊಡೆಯುತ್ತಿದ್ದ. ಸರಿ ಇದ್ದ ಕೈ ತೊಡೆಯ ಮೇಲೆ ಬಿದ್ದಿತ್ತು. ಸರಳು ಹಿಡಿದಿರಲಿಲ್ಲ.

ಅಡಿವೆಪ್ಪ ಎಬ್ಬಿಸಲಿಲ್ಲ. ಒಳಗೆ ಹೋಗಿ ಅಜ್ಜಾರನ್ನು ಕರೆದುಕೊಂಡು ಬಂದ.

ಅಜ್ಜಾರು ಮೊಣಕಾಲು ಹಿಡಿದುಕೊಂಡು ಬಗ್ಗಿ, ಹಿಂದಿನ ಬಾಗಿಲಿನಿಂದ ನೋಡಿದರು. ಬಹಳ ಹೊತ್ತು ನೋಡಿದರು.

"ಅಂಬಲಿ ಆಗೇತೇನು?" ಎಂದು ಮೆಲ್ಲಗೆ ಕೇಳಿದರು.

"ಒಲಿ ಮ್ಯಾಲೆ ಐತ್ರಿ. ಉಪ್ಪು ಹಾಕೂದಷ್ಟ ಬಾಕಿ."

ಅಜ್ಜಾರು ತಮ್ಮ ಕೋಣೆಗೆ ಹೋದರು. ಬರುವಾಗ ಗೂಟದ ಮೇಲಿನ ಗಂಟು ಅವರ ಕೈಯಲ್ಲಿತ್ತು.

ಅಡಿವೆಪ್ಪ ಒಲೆಯ ಮುಂದೆ ನಿಂತವನು ನಿಂತಂತೆಯೇ ನೋಡಿದ. ಅಜ್ಜಾರು ಗಂಟು ಬಿಚ್ಚಲು ಹೋದರು. ಐವತ್ತನಾಲ್ಕು ವರ್ಷದ ಗಂಟು, ಬಿಚ್ಚಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದರು. ಬಟ್ಟೆ ಹರಿಯಿತು. ಒಳಗೆ ಬೂದುಬಣ್ಣಕ್ಕೆ ತಿರುಗಿದ ಉಪ್ಪಿನ ಒಂದು ಹೆಂಟೆ.

"ಅಜ್ಜಾರ! ಅದು ದೊಡ್ಡಜ್ಜಾರ ಉಪ್ಪು!"

"ಹೌದು."

ಹೆಂಟೆಯನ್ನು ಅಂಬಲಿಯ ಗಡಿಗೆಗೆ ಹಾಕಿದರು. ಸೌಟು ತೆಗೆದುಕೊಂಡು ತಾವೇ ತಿರುವಿದರು. ಕರಗಲಿಕ್ಕೆ ಹೊತ್ತು ಹಿಡಿಯಿತು. ಕರಗುವವರೆಗೂ ತಿರುವಿದರು. ಅವರ ಕಣ್ಣು ತುಂಬಿದ್ದವು. ಹೊಗೆಯಿಂದ ಎಂದು ಹೇಳುವಷ್ಟು ಹೊಗೆ ಅಲ್ಲಿರಲಿಲ್ಲ.

ಹೊರಗೆ ಮಾಳಪ್ಪ ಎದ್ದು ಕೆಮ್ಮಿದ್ದು ಕೇಳಿಸಿತು. "ಆಶ್ರಮ ಬಂತೇನ್ರಿ? ಗೊತ್ತ ಆಗ್ಲಿಲ್ಲಲ್ರಿ," ಎನ್ನುತ್ತಿದ್ದ.

ಅಜ್ಜಾರು ಒಂದು ಬಟ್ಟಲು ತುಂಬಿ ಅಡಿವೆಪ್ಪನ ಕೈಗೆ ಕೊಟ್ಟರು.

ಅಡಿವೆಪ್ಪ ಬಟ್ಟಲು ಹಿಡಿದು ಹಾಗೇ ನಿಂತ.

"ಅಜ್ಜಾರ, ಮುಂದ ದೊಡ್ಡಜ್ಜಾರು ಸಿಕ್ಕು, ಉಪ್ಪು ಎಲ್ಲೈತಿ ಅಂತ ಕೇಳಿದ್ರ ಏನ್ ಹೇಳ್ತೀರಿ?"

ಅಜ್ಜಾರು ಖಾಲಿ ಬಟ್ಟೆಯನ್ನು ಮಡಚಿದರು. ಬಾಗಿಲಾಚೆ ಹೊಳೆಯ ಕಡೆ, ನೀರು ಬರುವ ದಿಕ್ಕಿಗೆ ನೋಡಿದರು.

"ಸ್ವಲ್ಪ ತಡಾ ಆತ್ರಿ, ಆದ್ರ ಮುಟ್ಟಿಸೀನಿ ಅಂತೀನಿ. ನೀ ಹೋಗು, ಅಂಬಲಿ ಆರತೈತಿ."